ಹಳೆಯ ಹಿಮ್ಮಡಿ ನೋವಿಗೆ ರೇಡಿಯೋಫ್ರೀಕ್ವೆನ್ಸಿ: ನರಕ್ಕೋ, ಫೇಶಿಯಾಕ್ಕೋ?

ಪ್ರಶ್ನೆ: ನನಗೆ 47 ವರ್ಷ, ಶಾಲಾ ಶಿಕ್ಷಕಿ, ದಿನದ ಹೆಚ್ಚಿನ ಹೊತ್ತು ನಿಂತೇ ಇರುತ್ತೇನೆ. ಬಲಗಾಲಿನ ಹಿಮ್ಮಡಿ ನೋವು ಶುರುವಾಗಿ ಒಂದೂವರೆ ವರ್ಷವಾಯಿತು. ಮೊದಮೊದಲು ಬೆಳಿಗ್ಗೆ ಹಾಸಿಗೆಯಿಂದ ಇಳಿದು ಹೆಜ್ಜೆ ಊರಿದಾಗ ಮಾತ್ರ ಚುಚ್ಚುತ್ತಿತ್ತು. ಕಳೆದ ಐದಾರು ತಿಂಗಳಿಂದ ಸಂಜೆ ಹೊತ್ತಿಗೆ ಹಿಮ್ಮಡಿಯ ಒಳಮಗ್ಗುಲಲ್ಲಿ ಉರಿಯೂ ಸೇರಿಕೊಂಡಿದೆ, ಕೆಲವೊಮ್ಮೆ ಮಲಗಿದ ಮೇಲೂ ಇರುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಮುಳ್ಳು ಇದೆ ಎಂದರು. ಅಲ್ಟ್ರಾಸೌಂಡ್‌ನಲ್ಲಿ ಪ್ಲಾಂಟರ್ ಫೇಶಿಯಾದ (ಅಂಗಾಲಿನ ತಂತುಪಟ್ಟಿಯ) ದಪ್ಪ 5.2 ಮಿಲಿಮೀಟರ್ ಬಂದಿದೆ. ಮೀನಖಂಡ ಎಳೆಯುವ ವ್ಯಾಯಾಮ, ಹಿಮ್ಮಡಿ ಮೆತ್ತೆ, ಶಾಕ್‌ವೇವ್ (ಒತ್ತಡದ ಅಲೆಗಳ ಚಿಕಿತ್ಸೆ), ಎರಡು ಸ್ಟಿರಾಯ್ಡ್ ಇಂಜೆಕ್ಷನ್ ಎಲ್ಲ ಆಯಿತು. ಎರಡನೆಯ ಇಂಜೆಕ್ಷನ್ನಿನ ಆರಾಮ ಎರಡು ವಾರವೂ ನಿಲ್ಲಲಿಲ್ಲ. ಈಗ ಒಬ್ಬ ವೈದ್ಯರು ರೇಡಿಯೋಫ್ರೀಕ್ವೆನ್ಸಿಯಿಂದ, ಅಂದರೆ ಅತಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತಿನಿಂದ, ನರ ಸುಡಬೇಕು ಎನ್ನುತ್ತಾರೆ, ಇನ್ನೊಬ್ಬರು ಸುಡುವುದು ಬೇಡ, ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ ಸಾಕು ಎನ್ನುತ್ತಾರೆ, ಮೂರನೆಯವರು ಕೋಬ್ಲೇಶನ್ ಮಾಡಿಸಿ ಎನ್ನುತ್ತಾರೆ. ಇವುಗಳಲ್ಲಿ ಯಾವುದು ಒಳ್ಳೆಯದು? ನರ ಸುಟ್ಟರೆ ಕಾಲು ಶಾಶ್ವತವಾಗಿ ಮರಗಟ್ಟುವುದಿಲ್ಲವೇ?

ಉತ್ತರ: ಮೂವರು ವೈದ್ಯರು ಹೇಳಿದ್ದರಲ್ಲಿ ಮೂರು ವಿಧಾನಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸವೊಂದಿದೆ, ಅದನ್ನು ಮೊದಲು ಗಮನಿಸಬೇಕು. ಮೊದಲ ಇಬ್ಬರು ನಿಮ್ಮ ನೋವನ್ನು ಸಾಗಿಸುವ ನರಕ್ಕೆ ಚಿಕಿತ್ಸೆ ಮಾಡಲು ಹೊರಟಿದ್ದಾರೆ. ಮೂರನೆಯವರು ನೋವು ಹುಟ್ಟುವ ಜಾಗ ಎಂದು ತಾವು ಭಾವಿಸಿರುವ ಫೇಶಿಯಾಕ್ಕೆ ಚಿಕಿತ್ಸೆ ಮಾಡಲು ಹೊರಟಿದ್ದಾರೆ. ಆದ್ದರಿಂದ ಯಾವುದು ಒಳ್ಳೆಯದು ಎಂಬುದಕ್ಕೆ ಉತ್ತರ ಸಿಗುವುದು ನಿಮ್ಮ ಹಿಮ್ಮಡಿಯಲ್ಲಿ ಈಗ ನೋಯುತ್ತಿರುವುದು ಏನು ಎಂಬುದು ಗೊತ್ತಾದ ಮೇಲೆಯೇ. ನಿಮ್ಮ ಪತ್ರದಲ್ಲಿ ಅದನ್ನು ಪರೀಕ್ಷೆ ಮಾಡಿ ನೋಡಿದ ಸುಳಿವು ಕಾಣುವುದಿಲ್ಲ.

ಪ್ಲಾಂಟರ್ ಫೇಶಿಯಾ ಎಂದರೆ ಹಿಮ್ಮಡಿ ಮೂಳೆಯ ತಳದ ಒಳಭಾಗದ ಉಬ್ಬಿನಿಂದ ಹೊರಟು ಬೆರಳುಗಳ ಬುಡದವರೆಗೆ ಹರಡಿರುವ ಗಟ್ಟಿಯಾದ ತಂತುಪಟ್ಟಿ. ಹೆಜ್ಜೆ ಎತ್ತುವಾಗ ಹೆಬ್ಬೆರಳು ಮೇಲಕ್ಕೆ ಬಾಗಿದಂತೆ ಈ ಪಟ್ಟಿ ಬಿಗಿದುಕೊಂಡು ಪಾದದ ಕಮಾನನ್ನು ಎತ್ತಿ ಹಿಡಿಯುತ್ತದೆ. ವರ್ಷಗಟ್ಟಲೆ ಹೆಚ್ಚಿನ ಹೊರೆ ಬಿದ್ದಾಗ ಮೂಳೆಗೆ ಅಂಟಿಕೊಂಡಿರುವ ಜಾಗದಲ್ಲಿ ಅದರ ಎಳೆಗಳು ಸವೆದು, ಅಸ್ತವ್ಯಸ್ತಗೊಂಡು, ದಪ್ಪವಾಗುತ್ತವೆ. ಬಹಳ ಕಾಲದಿಂದ ಈ ನೋವಿದ್ದ ರೋಗಿಗಳಿಂದ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಅಲ್ಲಿ ಹೆಚ್ಚಾಗಿ ಕಂಡದ್ದು ಉರಿಯೂತವಲ್ಲ, ಅಂಗಾಂಶದ ಕ್ಷಯ. ಉರಿಯೂತವನ್ನು ತಗ್ಗಿಸುವ ಸ್ಟಿರಾಯ್ಡ್ ನಿಮಗೆ ಹೆಚ್ಚು ದಿನ ಆಸರೆಯಾಗದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಸಾಮಾನ್ಯವಾಗಿ ಅಲ್ಟ್ರಾಸೌಂಡ್‌ನಲ್ಲಿ ಫೇಶಿಯಾದ ದಪ್ಪ 4 ಮಿಲಿಮೀಟರ್ ಮೀರಿದರೆ ಅದನ್ನು ರೋಗಗ್ರಸ್ತ ಎಂದು ಪರಿಗಣಿಸುತ್ತಾರೆ, ನಿಮ್ಮ 5.2 ಆ ಗೆರೆಯನ್ನು ದಾಟಿದೆ. ಮೂಳೆ ಮುಳ್ಳಿನ ಬಗ್ಗೆ ಮಾತ್ರ ಚಿಂತೆ ಬಿಟ್ಟುಬಿಡಿ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲಿ ಅದು ಕಾಣಿಸುತ್ತದೆ, ಅದನ್ನು ತೆಗೆಸಬೇಕಾಗಿಲ್ಲ.

ಬೆಳಗಿನ ಮೊದಲ ಹೆಜ್ಜೆಯ ಚುಚ್ಚುನೋವು ಫೇಶಿಯಾದ ಕಡೆಗೆ ಬೆರಳು ಮಾಡುತ್ತದೆ. ಸಂಜೆಯ ಉರಿ, ಕಾಲಿನ ಮೇಲೆ ಭಾರವಿಲ್ಲದಾಗಲೂ ಉಳಿಯುವ ನೋವು, ಅದು ಹಿಮ್ಮಡಿಯ ಒಳಮಗ್ಗುಲಿಗೆ ಸರಿದಿರುವುದು, ಈ ಮೂರೂ ನರದ ಕಡೆಗೆ ಬೆರಳು ಮಾಡುತ್ತವೆ. ಇಲ್ಲಿ ಎರಡು ನರಗಳ ಪರಿಚಯ ಬೇಕಾಗುತ್ತದೆ. ಮೊದಲನೆಯದು ಮೀಡಿಯಲ್ ಕ್ಯಾಲ್ಕೇನಿಯಲ್ ನರ: ಹರಡಿನ ಒಳಭಾಗದಲ್ಲಿ ಸಾಗುವ ಟಿಬಿಯಲ್ ನರದಿಂದ ಕವಲೊಡೆದು ಹಿಮ್ಮಡಿಯ ಚರ್ಮಕ್ಕೂ ಮೆತ್ತೆಗೂ ಸ್ಪರ್ಶಜ್ಞಾನ ಕೊಡುವ ನರವಿದು, ಯಾವ ಸ್ನಾಯುವನ್ನೂ ಆಡಿಸುವುದಿಲ್ಲ. ಎರಡನೆಯದು ಬ್ಯಾಕ್ಸ್‌ಟರ್ ನರ, ಅಂದರೆ ಲ್ಯಾಟರಲ್ ಪ್ಲಾಂಟರ್ ನರದ ಮೊದಲ ಕವಲು: ಅದು ಹಿಮ್ಮಡಿ ಮೂಳೆಯ ಮುಂಭಾಗದಲ್ಲಿ, ಫೇಶಿಯಾದ ಬುಡಕ್ಕೆ ತೀರ ಹತ್ತಿರದಲ್ಲಿ, ಸ್ನಾಯುಗಳ ಸಂದಿನಲ್ಲಿ ನುಸುಳಿ ಹೊರಮಗ್ಗುಲಿಗೆ ಹೋಗಿ ಕಿರುಬೆರಳನ್ನು ಅಗಲಿಸುವ ಸ್ನಾಯುವನ್ನು ಸೇರುತ್ತದೆ. ಇದು ಮಿಶ್ರ ನರ. ನೋವಿನ ಸಂಕೇತವನ್ನೂ ಒಯ್ಯುತ್ತದೆ, ಸ್ನಾಯುವನ್ನೂ ಆಡಿಸುತ್ತದೆ. ಫೇಶಿಯಾ ದಪ್ಪಗಾದಾಗ ಅದರ ಪಕ್ಕದಲ್ಲೇ ಹಾದುಹೋಗುವ ಈ ನರ ಒತ್ತಿಗೆ ಸಿಕ್ಕಿಕೊಳ್ಳುವುದುಂಟು. ಒತ್ತಡ ಬಹಳ ಕಾಲ ಮುಂದುವರಿದರೆ ಎಂಆರ್‌ಐಯಲ್ಲಿ ಆ ಸ್ನಾಯು ಬಡಕಲಾಗಿ ಕೊಬ್ಬಿಗೆ ತಿರುಗಿರುವುದು ಕಾಣಿಸುತ್ತದೆ. ನಿಮ್ಮಂಥ ಕಥೆಯಲ್ಲಿ ಫೇಶಿಯಾದ ರೋಗ ಮೊದಲು, ನರದ ತೊಂದರೆ ಅದರ ಬೆನ್ನಿಗೆ ಬಂದಿರುವ ಸಾಧ್ಯತೆ ನನಗೆ ಹೆಚ್ಚಾಗಿ ಕಾಣುತ್ತದೆ. ಆದರೆ ಸಾಧ್ಯತೆಯ ಮೇಲೆ ಯಾರೂ ನರ ಸುಡಬಾರದು.

ಅದನ್ನು ಖಚಿತ ಮಾಡಿಕೊಳ್ಳುವ ದಾರಿ ಪರೀಕ್ಷಾರ್ಥ ನರದ ಬ್ಲಾಕ್. ಅಲ್ಟ್ರಾಸೌಂಡ್‌ನಲ್ಲಿ ನರವನ್ನು ನೋಡುತ್ತಾ, ಅದರ ಪಕ್ಕದಲ್ಲಿ ಅರ್ಧದಿಂದ ಒಂದು ಮಿಲಿಲೀಟರ್‌ನಷ್ಟು ಮಾತ್ರ ಅರಿವಳಿಕೆ ಮದ್ದನ್ನು ಬಿಡುತ್ತಾರೆ. ಪ್ರಮಾಣ ಇಷ್ಟು ಕಡಿಮೆ ಇರುವುದು ಮುಖ್ಯ: ನಾಲ್ಕೈದು ಮಿಲಿಲೀಟರ್ ಸುರಿದರೆ ಇಡೀ ಹಿಮ್ಮಡಿ ಮರಗಟ್ಟುತ್ತದೆ, ನೋವೂ ಹೋಗುತ್ತದೆ, ಆದರೆ ಯಾವ ನರದಿಂದ ಹೋಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಬ್ಲಾಕ್ ಮಾಡುವ ಮುನ್ನ ನೋವು ತರುವ ಕೆಲಸವನ್ನು ನಿಮ್ಮಿಂದ ಮಾಡಿಸಬೇಕು, ಅಂದರೆ ಸ್ವಲ್ಪ ಹೊತ್ತು ಕೂತು ಎದ್ದು ನಡೆಯುವುದು, ಮೆಟ್ಟಿಲು ಹತ್ತುವುದು, ಬರಿಗಾಲಲ್ಲಿ ನಿಲ್ಲುವುದು. ಆಗ ಹತ್ತಕ್ಕೆ ಎಷ್ಟು ನೋವು ಎಂದು ಬರೆದಿಟ್ಟುಕೊಂಡು, ಬ್ಲಾಕ್ ಆದ ಮೇಲೆ ಅದನ್ನೇ ಮತ್ತೆ ಮಾಡಿಸಬೇಕು. ನೋವು ಅರ್ಧಕ್ಕಿಂತ ಸಾಕಷ್ಟು ಕೆಳಗೆ ಇಳಿದರೆ ಆ ನರಕ್ಕೆ ಚಿಕಿತ್ಸೆ ಮಾಡುವುದಕ್ಕೆ ಆಧಾರ ಸಿಕ್ಕಿತು. ಚುಚ್ಚಿಸಿಕೊಂಡದ್ದರಿಂದಲೇ ಹಗುರವೆನಿಸುವುದು ಸಹಜವಾದ್ದರಿಂದ, ಬೇರೊಂದು ದಿನ ಇನ್ನೊಮ್ಮೆ ಮಾಡಿ ಅದೇ ಫಲ ಬರುತ್ತದೆಯೇ ಎಂದು ನೋಡುವುದು ಒಳ್ಳೆಯದು. ಬ್ಲಾಕ್‌ನಿಂದ ಏನೂ ಬದಲಾಗದಿದ್ದರೆ ಮೊದಲ ಎರಡು ಸಲಹೆಗಳನ್ನು ಅಲ್ಲಿಗೇ ಕೈಬಿಡಬಹುದು. ಮೂರು ಚಿಕಿತ್ಸೆಗಳ ಬಗ್ಗೆ ಮುಂದೆ ಹೇಳುವುದಕ್ಕಿಂತ ಈ ಒಂದು ಪರೀಕ್ಷೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಇನ್ನು ನರ ಸುಡುವ ವಿಧಾನ, ಅಂದರೆ ಥರ್ಮಲ್ ರೇಡಿಯೋಫ್ರೀಕ್ವೆನ್ಸಿ. ತುದಿಯ ಕೆಲವು ಮಿಲಿಮೀಟರ್ ಬಿಟ್ಟು ಉಳಿದೆಡೆ ಕವಚವಿರುವ ಸಪೂರ ಸೂಜಿಯನ್ನು ಹಿಮ್ಮಡಿಯ ಒಳಮಗ್ಗುಲಿನಿಂದ ನರದ ಹತ್ತಿರಕ್ಕೆ ಒಯ್ಯುತ್ತಾರೆ. ಸುಡುವ ಮುಂಚೆ ಎರಡು ಬಾರಿ ಪರಿಶೀಲಿಸುತ್ತಾರೆ. ಸೆಕೆಂಡಿಗೆ 50 ಬಾರಿ ಮಿಡಿಯುವ ಸಣ್ಣ ವಿದ್ಯುತ್ತನ್ನು ಹರಿಸಿದಾಗ, ಅದೂ ಅರ್ಧ ವೋಲ್ಟ್‌ನ ಆಸುಪಾಸಿನಲ್ಲೇ, ನಿಮಗೆ ದಿನವೂ ನೋಯುವ ಜಾಗದಲ್ಲೇ ಜುಮ್ಮೆನ್ನಬೇಕು. ಸೆಕೆಂಡಿಗೆ 2 ಬಾರಿಯ ಮಿಡಿತಕ್ಕೆ ಇಳಿಸಿದಾಗ ಪಾದದ ಯಾವ ಬೆರಳೂ ಅದುರಬಾರದು. ಇದಕ್ಕಾಗಿಯೇ ಈ ಹಂತದಲ್ಲಿ ನಿಮ್ಮನ್ನು ಪೂರ್ತಿ ನಿದ್ದೆಗೆ ಕಳುಹಿಸುವುದಿಲ್ಲ. ನಿಮ್ಮ ಬಾಯಿಂದ ಬರುವ ಉತ್ತರವೇ ಸೂಜಿಯ ದಾರಿದೀಪ. ಜಾಗ ಖಚಿತವಾದ ಮೇಲೆ ಅರಿವಳಿಕೆ ಕೊಟ್ಟು, ಸೂಜಿಯ ತುದಿಯ ಸುತ್ತಲಿನ ಅಂಗಾಂಶವನ್ನು 80ರಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಒಂದರಿಂದ ಒಂದೂವರೆ ನಿಮಿಷ ಕಾಯಿಸುತ್ತಾರೆ. ಬಿಸಿ ಹುಟ್ಟುವುದು ಸೂಜಿಯಲ್ಲಲ್ಲ. ವಿದ್ಯುತ್ ವೇಗವಾಗಿ ದಿಕ್ಕು ಬದಲಿಸುವಾಗ ಅಂಗಾಂಶದೊಳಗಿನ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಅಲುಗಾಡಿ ಉಂಟಾಗುವ ಘರ್ಷಣೆಯಿಂದ. 45 ಡಿಗ್ರಿ ಮೀರಿದ ಬಿಸಿ ಮುಂದುವರಿದರೆ ನರದ ಎಳೆಗಳು ಹಾಳಾಗುತ್ತವೆ. ಕೆಲವೇ ಮಿಲಿಮೀಟರ್ ಅಗಲದ ಆ ಜಾಗದಲ್ಲಿ ನೋವಿನ ಸಂಕೇತ ನಿಂತುಹೋಗುತ್ತದೆ.

ಹಿಮ್ಮಡಿ ನೋವಿಗೆ ಇದನ್ನು ಬಳಸಿದ ವರದಿ 1997ರಷ್ಟು ಹಿಂದಿನದು, ಮತ್ತು 2010ರಲ್ಲಿ ಹನ್ನೆರಡು ವರ್ಷಗಳವರೆಗಿನ ಅನುಭವವನ್ನು ಹಿನ್ನೋಟದಲ್ಲಿ ವಿಶ್ಲೇಷಿಸಿದ ಲೇಖನವೂ ಬಂತು. ಎರಡೂ ಆಶಾದಾಯಕವಾಗಿವೆ, ಆದರೆ ಚಿಕಿತ್ಸೆ ಪಡೆಯದ ಗುಂಪಿನೊಂದಿಗಿನ ಹೋಲಿಕೆ ಅವುಗಳಲ್ಲಿಲ್ಲ. ಹಿಮ್ಮಡಿ ನೋವು ಹೆಚ್ಚಿನವರಲ್ಲಿ ಒಂದು ವರ್ಷದೊಳಗೆ ತಾನೇ ತಗ್ಗುವ ಕಾಯಿಲೆಯಾದ್ದರಿಂದ ಈ ಕೊರತೆಯನ್ನು ಹಗುರವಾಗಿ ನೋಡುವಂತಿಲ್ಲ. 2013ರ ಡಬಲ್ ಬ್ಲೈಂಡ್ ಅಧ್ಯಯನವೊಂದು (ಯಾರಿಗೆ ಯಾವ ಚಿಕಿತ್ಸೆ ಎಂಬುದು ರೋಗಿಗೂ ಫಲ ಅಳೆಯುವವರಿಗೂ ಗೊತ್ತಿಲ್ಲದ ಅಧ್ಯಯನ) ಹುಸಿ ಚಿಕಿತ್ಸೆಯೊಂದಿಗೆ ಹೋಲಿಸಿ ನೋಡಿತು, ನಿಜವಾದ ಚಿಕಿತ್ಸೆಯೇ ಮೇಲು ಎಂದು ಕಂಡಿತು. ಅದರಲ್ಲಿದ್ದವರು 17 ಮಂದಿ. ಗುಣ ಇದೆ ಎಂದು ನಂಬುವುದಕ್ಕೆ ಇಷ್ಟು ಸಾಕು, ಎಷ್ಟು ಜನರಿಗೆ ಎಷ್ಟು ಕಾಲ ಎಂದು ಭರವಸೆ ಕೊಡುವುದಕ್ಕೆ ಸಾಲದು.

ಮರಗಟ್ಟುವಿಕೆಯ ಪ್ರಶ್ನೆಗೆ ಇಲ್ಲಿಯೇ ಉತ್ತರಿಸುತ್ತೇನೆ. ಮೀಡಿಯಲ್ ಕ್ಯಾಲ್ಕೇನಿಯಲ್ ನರವನ್ನು ಸುಟ್ಟರೆ ಹಿಮ್ಮಡಿಯ ಒಳಮಗ್ಗುಲಲ್ಲಿ ಒಂದಷ್ಟು ಜಾಗ ಮಂಕಾಗಬಹುದು. ಪಾದದ ಚಲನೆಗಾಗಲಿ ಅಂಗಾಲಿನ ಉಳಿದ ಭಾಗದ ಸ್ಪರ್ಶಕ್ಕಾಗಲಿ ಧಕ್ಕೆಯಿಲ್ಲ. ನರದ ಕೊಳವೆ ಉಳಿದಿರುವುದರಿಂದ ಎಳೆಗಳು ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತವೆ. ಸ್ಪರ್ಶ ಮರಳುವಂತೆಯೇ ನೋವೂ ಮರಳಬಹುದು ಎಂಬುದು ಇದರ ಇನ್ನೊಂದು ಮುಖ. ಮರಗಟ್ಟುವುದಕ್ಕಿಂತ ನನಗೆ ಹೆಚ್ಚು ಕಾಳಜಿಯಿರುವುದು ನರ ಕೆರಳುವುದರ ಬಗ್ಗೆ: ಕೆಲವರಲ್ಲಿ ಸುಟ್ಟ ಕೆಲವು ವಾರ ಉರಿ ಮೊದಲಿಗಿಂತ ಹೆಚ್ಚಾಗುತ್ತದೆ, ಅಪರೂಪಕ್ಕೆ ಅದು ಬಹಳ ಕಾಲ ಉಳಿಯುತ್ತದೆ. ಬ್ಯಾಕ್ಸ್‌ಟರ್ ನರವನ್ನೂ ಸುಡುವವರಿದ್ದಾರೆ; ಅದು ಸ್ನಾಯುವನ್ನು ಆಡಿಸುವ ಮಿಶ್ರ ನರವಾದ್ದರಿಂದ, ಸುಡದೆ ಸಾಧಿಸುವ ದಾರಿ ಇರುವಾಗ ಅದನ್ನು ನಾನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಆ ದಾರಿಯೇ ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ. 1998ರಲ್ಲಿ ಬೇರೆ ನೋವುಗಳಿಗಾಗಿ ರೂಪುಗೊಂಡ ಈ ವಿಧಾನದಲ್ಲಿ ಸೂಜಿಯೂ ಯಂತ್ರವೂ ಹೆಚ್ಚುಕಡಿಮೆ ಅವೇ. ಆದರೆ ವಿದ್ಯುತ್ತನ್ನು ಒಂದೇ ಸಮನೆ ಹರಿಸದೆ, ಸಾಮಾನ್ಯವಾಗಿ 20 ಮಿಲಿಸೆಕೆಂಡ್ ಹರಿಸಿ 480 ಮಿಲಿಸೆಕೆಂಡ್ ನಿಲ್ಲಿಸುತ್ತಾರೆ. ಆ ಬಿಡುವಿನಲ್ಲಿ ಬಿಸಿ ಚದುರಿಹೋಗುವುದರಿಂದ ತಾಪಮಾನ 42 ಡಿಗ್ರಿಯನ್ನು ದಾಟುವುದಿಲ್ಲ. ನರದ ಕಟ್ಟಡ ಹೆಚ್ಚಿನಂಶ ಹಾಗೆಯೇ ಉಳಿಯುತ್ತದೆ. ವಿದ್ಯುತ್ ಕ್ಷೇತ್ರದ ಪ್ರಭಾವದಿಂದ ನೋವಿನ ಸಂಕೇತ ಒಯ್ಯುವ ಸಣ್ಣ ಎಳೆಗಳ ಮತ್ತು ಬೆನ್ನುಹುರಿಯಲ್ಲಿ ಅವು ಸೇರುವ ಜಾಗದ ವರ್ತನೆ ಬದಲಾಗುತ್ತದೆ ಎಂಬುದು ಈಗಿನ ತಿಳಿವಳಿಕೆ. ಸ್ನಾಯು ಸೋಲುವ ಭಯವಿಲ್ಲದ ಕಾರಣ ಬ್ಯಾಕ್ಸ್‌ಟರ್ ನರಕ್ಕೂ, ಹರಡಿನ ಬಳಿ ಟಿಬಿಯಲ್ ನರಕ್ಕೂ ಇದನ್ನು ಕೊಡಬಹುದು.

ಎರಡನ್ನೂ ನೇರವಾಗಿ ಹೋಲಿಸಿದ 2016ರ ಅಧ್ಯಯನವೊಂದರ ರಚನೆ ನನಗೆ ಮೆಚ್ಚುಗೆಯಾಗಿದೆ. ಎರಡೂ ಹಿಮ್ಮಡಿಯಲ್ಲಿ ಹಳೆಯ ನೋವಿದ್ದ 20 ಜನರನ್ನು ಆರಿಸಿ, ಒಂದು ಕಾಲಿಗೆ ಆರು ನಿಮಿಷ ಪಲ್ಸ್ಡ್, ಇನ್ನೊಂದು ಕಾಲಿಗೆ ಒಂದೂವರೆ ನಿಮಿಷ ಥರ್ಮಲ್ ಚಿಕಿತ್ಸೆಯನ್ನು ಮೀಡಿಯಲ್ ಕ್ಯಾಲ್ಕೇನಿಯಲ್ ನರಕ್ಕೆ ಕೊಟ್ಟರು. ಒಂದೇ ದೇಹ, ಒಂದೇ ತೂಕ, ಒಂದೇ ದಿನಚರಿ. ಆದ್ದರಿಂದ ಹೋಲಿಕೆಯಲ್ಲಿ ಬರುವ ಎಷ್ಟೋ ಗೊಂದಲಗಳು ತಾವಾಗಿಯೇ ತೊಲಗಿದವು. 24 ವಾರಗಳವರೆಗಿನ ಪರಿಶೀಲನೆಯಲ್ಲಿ ಎರಡೂ ಕಾಲಿಗೆ ಗುಣ ಕಂಡಿತು. ಮೊದಲ ಮತ್ತು ಮೂರನೆಯ ವಾರದಲ್ಲಿ ಪಲ್ಸ್ಡ್ ಮಾಡಿಸಿಕೊಂಡ ಕಾಲು ಮುಂದಿತ್ತು, ಆಮೇಲೆ ಎರಡೂ ಸರಿಸುಮಾರು ಸಮವಾದವು. ಟಿಬಿಯಲ್ ನರಕ್ಕೆ ಪಲ್ಸ್ಡ್ ಕೊಟ್ಟ 2017ರ ಅಧ್ಯಯನದಲ್ಲೂ 12 ವಾರಗಳವರೆಗೆ ಹೋಲಿಕೆಯ ಗುಂಪಿಗಿಂತ ನೋವು ಕಡಿಮೆಯಿತ್ತು. ಇಲ್ಲೂ ಸಂಖ್ಯೆ ಚಿಕ್ಕದು, ಅವಧಿ ಗಿಡ್ಡ. ಪಲ್ಸ್ಡ್ ವಿಧಾನದ ಪ್ರಯೋಜನ ವರ್ಷಗಟ್ಟಲೆ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಈ ಅಧ್ಯಯನಗಳಲ್ಲಿ ಅದಕ್ಕೆ ಆಧಾರವಿಲ್ಲ. ಮತ್ತೆ ಮಾಡಿಸಬೇಕಾಗಬಹುದು ಎಂಬ ಸಿದ್ಧತೆಯಿಂದಲೇ ಹೋಗಬೇಕು.

ಕೋಬ್ಲೇಶನ್ನಿನ ಲೋಕವೇ ಬೇರೆ. ಇದರಲ್ಲೂ ರೇಡಿಯೋಫ್ರೀಕ್ವೆನ್ಸಿ ವಿದ್ಯುತ್ತೇ ಬಳಕೆಯಾಗುತ್ತದೆ, ಆದರೆ ವಿದ್ಯುತ್ತಿನ ಎರಡು ಧ್ರುವಗಳೂ ಒಂದೇ ಕಡ್ಡಿಯ ತುದಿಯಲ್ಲಿರುತ್ತವೆ. ಉಪ್ಪುನೀರಿನ ತೆಳು ಪದರದಲ್ಲಿ ಪ್ಲಾಸ್ಮಾ (ವಿದ್ಯುದಾವೇಶವಿರುವ ಕಣಗಳ ಅನಿಲ) ಉಂಟಾಗಿ, ಸುಮಾರು 40ರಿಂದ 70 ಡಿಗ್ರಿಯಲ್ಲಿ ಅಂಗಾಂಶ ಕರಗುತ್ತದೆ. ಶಸ್ತ್ರಚಿಕಿತ್ಸಕರು ಹಿಮ್ಮಡಿಯ ಚರ್ಮದಲ್ಲಿ ಸುಮಾರು ಅರ್ಧ ಸೆಂಟಿಮೀಟರ್‌ಗೊಂದರಂತೆ ಸಣ್ಣ ರಂಧ್ರಗಳ ಜಾಲ ಮಾಡಿ, ಅಥವಾ ಚರ್ಮವನ್ನು ಸೀಳಿ ಫೇಶಿಯಾವನ್ನು ಕಣ್ಣಾರೆ ಕಂಡು, ಪ್ರತಿ ಬಿಂದುವಿನಲ್ಲಿ ಕಡ್ಡಿಯನ್ನು ಅರೆಕ್ಷಣ ತಾಗಿಸುತ್ತಾರೆ. ನಿಂತುಹೋಗಿದ್ದ ವಾಸಿಯಾಗುವ ಪ್ರಕ್ರಿಯೆಯನ್ನು ಸೂಕ್ಷ್ಮ ಗಾಯಗಳಿಂದ ಮತ್ತೆ ಎಬ್ಬಿಸುವುದು, ಹೊಸ ರಕ್ತನಾಳಗಳು ಹುಟ್ಟುವಂತೆ ಮಾಡುವುದು ಇದರ ಉದ್ದೇಶ. ಆ ಜಾಗದ ಅತಿ ಸಣ್ಣ ನರತಂತುಗಳು ಕೆಲಕಾಲ ಕುಗ್ಗುವುದೂ ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ. ಫೇಶಿಯಾವನ್ನು ಕತ್ತರಿಸುವ ಹಳೆಯ ಶಸ್ತ್ರಚಿಕಿತ್ಸೆಯಲ್ಲಿ ಪಾದದ ಕಮಾನು ತಗ್ಗಿ ಹೊರಮಗ್ಗುಲಿಗೆ ನೋವು ಬರುವ ಅಪಾಯವಿತ್ತು. ಪಟ್ಟಿ ತುಂಡಾಗದ ಕಾರಣ ಇಲ್ಲಿ ಅದು ಕಡಿಮೆ. ಆದರೆ ಇದು ಸೂಜಿಯ ಚಿಕಿತ್ಸೆಯಲ್ಲ, ಆಪರೇಷನ್ ಥಿಯೇಟರಿನ ಕೆಲಸ. ಅರಿವಳಿಕೆ ಬೇಕು, ಬಳಿಕ ಎರಡು ಮೂರು ವಾರ ಕಾಲಿಗೆ ರಕ್ಷಣೆಯ ಬೂಟು ಬೇಕು, ಮತ್ತು ಫಲ ಕಾಣಲು ತಿಂಗಳುಗಳು ಬೇಕು. ವರದಿಗಳು ಬಹುಪಾಲು ಹಿನ್ನೋಟದ ದಾಖಲೆಗಳು.

ಇಷ್ಟನ್ನು ನಿಮ್ಮ ಕಾಲಿಗೆ ಅನ್ವಯಿಸಿ ಹೇಳುವುದಾದರೆ, ಮೊದಲು ಬ್ಲಾಕ್ ಮಾಡಿಸಿ. ಬ್ಯಾಕ್ಸ್‌ಟರ್ ನರದ ಬ್ಲಾಕ್‌ನಿಂದ ನೋವು ಇಳಿದರೆ ಪಲ್ಸ್ಡ್ ಮಾಡಿಸಿಕೊಳ್ಳುವುದೇ ಸರಿಯೆಂದು ನನ್ನ ಅಭಿಪ್ರಾಯ. ಮೀಡಿಯಲ್ ಕ್ಯಾಲ್ಕೇನಿಯಲ್ ನರದ ಬ್ಲಾಕ್‌ನಿಂದ ಇಳಿದರೂ ನಾನು ಪಲ್ಸ್ಡ್‌ನಿಂದಲೇ ಶುರುಮಾಡುತ್ತೇನೆ. ಅದರಿಂದ ನಿಜವಾದ ಆದರೆ ಅಲ್ಪಾವಧಿಯ ಆರಾಮ ಸಿಕ್ಕರೆ ಆಗ ಥರ್ಮಲ್ ವಿಧಾನದ ಮಾತು ಎತ್ತಬಹುದು. ಎರಡೂ ಬ್ಲಾಕ್ ಫಲ ಕೊಡದೆ, ಒತ್ತಿದಾಗ ನೋವು ಫೇಶಿಯಾದ ಬುಡದಲ್ಲೇ ನಿಂತಿದ್ದು, ಹೆಬ್ಬೆರಳನ್ನು ಮೇಲಕ್ಕೆ ಬಾಗಿಸಿದಾಗ ಅದು ಕೆರಳಿದರೆ, ಕೋಬ್ಲೇಶನ್ ಸೂಚಿಸಿದ ವೈದ್ಯರ ಮಾತಿಗೆ ಬಲ ಬರುತ್ತದೆ.

ಅದಕ್ಕೂ ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಿದ್ದಾರೆಯೇ ಎಂದು ಕೇಳಿ. ಹಿಮ್ಮಡಿ ಮೂಳೆಯನ್ನು ಎರಡೂ ಬದಿಯಿಂದ ಅದುಮಿದಾಗ ನೋವಾದರೆ ಮೂಳೆಯಲ್ಲಿ ಸೂಕ್ಷ್ಮ ಬಿರುಕಿರಬಹುದು. ಬೆನ್ನಿನಿಂದ ಕಾಲಿಗೆ ಇಳಿಯುವ ನೋವಿದ್ದರೆ ಬೆನ್ನೆಲುಬಿನ ಕೆಳಭಾಗದ ನರಮೂಲವನ್ನು ನೋಡಬೇಕು. ಬೆಳಿಗ್ಗೆ ಬೆನ್ನು ಬಹಳ ಹೊತ್ತು ಬಿಗಿದಿರುವುದು, ಎರಡೂ ಹಿಮ್ಮಡಿ ನೋಯುವುದು, ಕಣ್ಣು ಕೆಂಪಾಗುವುದು ಇದ್ದರೆ ಸಂಧಿವಾತ ತಜ್ಞರ ಬಳಿಗೆ ಹೋಗಬೇಕೇ ಹೊರತು ಸೂಜಿಯ ಬಳಿಗಲ್ಲ. ಮಧುಮೇಹದಿಂದ ಪಾದದ ಸ್ಪರ್ಶ ಈಗಾಗಲೇ ಕುಂದಿದವರಿಗೆ, ಕಾಲಿನ ರಕ್ತಸಂಚಾರ ಕಡಿಮೆಯಿರುವವರಿಗೆ ನರ ಸುಡುವುದು ಅಪಾಯ, ಏಕೆಂದರೆ ಗೊತ್ತಾಗದೆ ಹುಣ್ಣಾಗುತ್ತದೆ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ತಿಳಿಸಿ.

ನಿಮ್ಮ ಪತ್ರದಲ್ಲಿ ಎಳೆಯುವ ವ್ಯಾಯಾಮವಿದೆ, ಬಲಗೊಳಿಸುವ ವ್ಯಾಯಾಮವಿಲ್ಲ. 2015ರಲ್ಲಿ ಪ್ರಕಟವಾದ 48 ಜನರ ಅಧ್ಯಯನವೊಂದರಲ್ಲಿ ಮೆಟ್ಟಿಲಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ನೋಯುವ ಕಾಲೊಂದರಿಂದಲೇ ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನು ದಿನ ಬಿಟ್ಟು ದಿನ ಮಾಡಿದವರು, ಮೂರು ತಿಂಗಳ ಹೊತ್ತಿಗೆ ಎಳೆಯುವ ವ್ಯಾಯಾಮ ಮಾತ್ರ ಮಾಡಿದವರಿಗಿಂತ ಮುಂದಿದ್ದರು. ಬೆರಳು ಮೇಲಕ್ಕೆ ಬಾಗಿರುವುದರಿಂದ ಹೊರೆ ನೇರವಾಗಿ ಫೇಶಿಯಾದ ಮೇಲೆ ಬೀಳುತ್ತದೆ. ಟವೆಲ್‌ನ ಕೆಲಸ ಅದೇ. ಫಿಸಿಯೋಥೆರಪಿಸ್ಟ್ ಒಬ್ಬರ ಎದುರಿನಲ್ಲಿ ಕಲಿತು ಇದನ್ನು ಮಾಡಿ ನೋಡಿ. ಬ್ಲಾಕ್‌ಗೆ ಕಾಯುವ ವಾರಗಳಲ್ಲೇ ಶುರುಮಾಡಬಹುದು. ರೇಡಿಯೋಫ್ರೀಕ್ವೆನ್ಸಿ ಮಾಡಿಸಿಕೊಂಡರೂ ಇದು ತಪ್ಪುವುದಿಲ್ಲ, ಏಕೆಂದರೆ ನರದ ಚಿಕಿತ್ಸೆಯಿಂದ ನೋವಿನ ಸುದ್ದಿ ನಿಲ್ಲುತ್ತದೆಯೇ ಹೊರತು ಫೇಶಿಯಾ ಸರಿಯಾಗುವುದಿಲ್ಲ. ನೋವು ಹೋಯಿತೆಂದು ಮರುವಾರವೇ ಓಡಲು ಹೊರಡಬೇಡಿ. ಎರಡು ಬಾರಿ ಸ್ಟಿರಾಯ್ಡ್ ಪಡೆದ ಫೇಶಿಯಾ ಹರಿಯುವ ಸಂಭವ ಹೆಚ್ಚು, ಮತ್ತು ಮೂರನೆಯ ಸ್ಟಿರಾಯ್ಡ್ ಇಂಜೆಕ್ಷನ್ ಯಾರಾದರೂ ಸೂಚಿಸಿದರೆ ಒಪ್ಪಬೇಡಿ ಎಂದೇ ಹೇಳುತ್ತೇನೆ.

ಚಿಕಿತ್ಸೆಯ ಮುಂಚಿನ ದಿನ, ಬಳಿಕ ಒಂದನೆಯ, ಆರನೆಯ ಮತ್ತು ಹನ್ನೆರಡನೆಯ ವಾರದಲ್ಲಿ ಬೆಳಗಿನ ಮೊದಲ ಹೆಜ್ಜೆಯ ನೋವನ್ನೂ ಸಂಜೆಯ ಉರಿಯನ್ನೂ ಹತ್ತಕ್ಕೆ ಎಷ್ಟು ಎಂದು ಬೇರೆಬೇರೆಯಾಗಿ ಬರೆದಿಡಿ. ಉರಿ ಹೋಗಿ ಚುಚ್ಚು ಉಳಿದರೆ ನರದ ಪಾಲು ಮುಗಿದು ಫೇಶಿಯಾದ ಪಾಲು ಉಳಿದಿದೆ ಎಂದು ಅದರಿಂದ ತಿಳಿಯುತ್ತದೆ. ಹನ್ನೆರಡು ವಾರದಲ್ಲಿ ಎರಡೂ ಅರ್ಧದಷ್ಟೂ ಇಳಿಯದಿದ್ದರೆ ಅದೇ ನರಕ್ಕೆ ಅದೇ ಚಿಕಿತ್ಸೆಯನ್ನು ಮತ್ತೆ ಮಾಡಿಸಬೇಡಿ. ಆ ಬರಹವನ್ನು ವೈದ್ಯರ ಮುಂದಿಟ್ಟು, ರೋಗನಿರ್ಣಯವನ್ನು ಹೊಸದಾಗಿ ಮಾಡುವಂತೆ ಕೇಳಿ.